ರಿವಾರ್ಡ್ ಪಾಯಿಂಟ್ ಯಾಕೆ ಕರಗುತ್ತಿದೆ? ಕ್ರೆಡಿಟ್ ಕಾರ್ಡ್ ನಿಯಮಗಳ ಹಿಂದಿನ ಲೆಕ್ಕ

ಕ್ರೆಡಿಟ್ ಕಾರ್ಡ್ ಇಟ್ಟುಕೊಂಡವರ ಮೊಬೈಲ್‌ಗೆ ಎರಡು–ಮೂರು ವರ್ಷದಿಂದ ಒಂದೇ ಧಾಟಿಯ ಮೆಸೇಜ್ ಬರುತ್ತಿದೆ. ‘ಇಂಥ ತಾರೀಖಿನಿಂದ ನಿಮ್ಮ ಕಾರ್ಡಿನ ನಿಯಮಗಳು ಬದಲಾಗಲಿವೆ.’ ಲಿಂಕ್ ಒತ್ತಿ ನೋಡಿದರೆ ಉದ್ದದ ಪಟ್ಟಿ. ಇದಕ್ಕೆ ಪಾಯಿಂಟ್ ಇಲ್ಲ, ಅದಕ್ಕೆ ಶುಲ್ಕ ಇದೆ, ವಿಮಾನ ನಿಲ್ದಾಣದ ಲಾಂಜ್‌ಗೆ ಹೋಗಬೇಕಾದರೆ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು.

2025ರ ಏಪ್ರಿಲ್‌ನಲ್ಲಿ ಎಸ್‌ಬಿಐ ಕಾರ್ಡ್ ತನ್ನ ಸಿಂಪ್ಲಿಕ್ಲಿಕ್ ಕಾರ್ಡಿಗೆ ಸ್ವಿಗ್ಗಿಯಲ್ಲಿ ಸಿಗುತ್ತಿದ್ದ ಹತ್ತು ಪಟ್ಟು ಪಾಯಿಂಟ್ ಅನ್ನು ಐದು ಪಟ್ಟಿಗೆ ಇಳಿಸಿತು. ಜುಲೈನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್, ತಿಂಗಳಿಗೆ ₹10,000ಕ್ಕಿಂತ ಜಾಸ್ತಿ ವಾಲೆಟ್‌ಗೆ (ಆ್ಯಪ್‌ನಲ್ಲಿ ಮುಂಚೆಯೇ ದುಡ್ಡು ತುಂಬಿಡುವ ಜಾಗಕ್ಕೆ) ಹಾಕಿದರೆ ಶೇ 1ರಷ್ಟು ಶುಲ್ಕ ಎಂದಿತು. ನವೆಂಬರ್‌ನಲ್ಲಿ ಎಸ್‌ಬಿಐ ಕಾರ್ಡ್ ಇನ್ನೂ ಬಿಗಿ ಮಾಡಿತು. ಒಂದು ಸಲಕ್ಕೆ ₹1,000ಕ್ಕಿಂತ ಹೆಚ್ಚು ವಾಲೆಟ್‌ಗೆ ಹಾಕಿದರೂ ಶೇ 1, ಬೇರೆ ಕಂಪನಿಯ ಆ್ಯಪ್ ಮೂಲಕ ಸ್ಕೂಲ್ ಫೀಸು ಕಟ್ಟಿದರೂ ಶೇ 1.

ಕಾರ್ಡ್ ಕೊಡುವಾಗ ‘ಎಷ್ಟು ಬೇಕಾದರೂ ಖರ್ಚು ಮಾಡಿ, ಪಾಯಿಂಟ್ ಕೊಡ್ತೀವಿ’ ಎಂದವರು ಈಗ ಯಾಕೆ ಹೀಗೆ ಮಾಡುತ್ತಿದ್ದಾರೆ? ಬ್ಯಾಂಕಿಗೆ ದುರಾಸೆ ಎಂದುಬಿಡುವುದು ಸುಲಭ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಂದಿನ ಬದಲಾವಣೆ ಎಲ್ಲಿ ಬರುತ್ತದೆ ಎಂಬುದು ಗೊತ್ತಾಗುವುದಿಲ್ಲ. ಪಾಯಿಂಟ್‌ನ ದುಡ್ಡು ಯಾರ ಜೇಬಿನಿಂದ ಬರುತ್ತದೆ ಎಂದು ನೋಡಿದರೆ ಮಾತ್ರ ಈ ಪಟ್ಟಿಗಳ ಹಿಂದಿನ ಲೆಕ್ಕ ಬಿಡಿಸಿಕೊಳ್ಳುತ್ತದೆ.

ಒಂದು ಸೀರೆ, ನಾಲ್ಕು ಪಾಲು

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಒಬ್ಬರು ₹10,000ದ ಸೀರೆ ತೆಗೆದುಕೊಂಡು ಕ್ರೆಡಿಟ್ ಕಾರ್ಡ್ ಉಜ್ಜಿದರು ಎಂದುಕೊಳ್ಳಿ. ಅಂಗಡಿಯವರ ಖಾತೆಗೆ ಪೂರ್ತಿ ₹10,000 ಬರುವುದಿಲ್ಲ. ಶೇ 2ರ ಲೆಕ್ಕ ಹಿಡಿದರೆ ₹200 ಕಡಿತವಾಗುತ್ತದೆ. ಇದಕ್ಕೆ ಎಂಡಿಆರ್ ಎನ್ನುತ್ತಾರೆ. ಆ ₹200ರ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಇನ್ನೂ ₹36. ಕೈಗೆ ಬರುವುದು ₹9,764.

ಆ ₹200ರಲ್ಲಿ ಅಂಗಡಿಗೆ ಮಷಿನ್ ಕೊಟ್ಟವರಿಗೆ ಒಂದು ಪಾಲು, ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇಗೆ ಒಂದು ಸಣ್ಣ ಪಾಲು. ದೊಡ್ಡ ಪಾಲು ಹೋಗುವುದು ಸೀರೆ ಕೊಂಡವರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಇದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಆ ಬ್ಯಾಂಕ್ ತನಗೆ ಬಂದ ಪಾಲಿನಲ್ಲೇ ಒಂದಷ್ಟನ್ನು ಪಾಯಿಂಟ್ ಎಂದು ಗ್ರಾಹಕರಿಗೆ ಕೊಡುತ್ತದೆ. ಇದೇ ನಾಲ್ಕನೆಯ ಪಾಲು.

ಅಂದರೆ ಪಾಯಿಂಟ್ ಎಂಬುದು ಬ್ಯಾಂಕಿನ ಉಡುಗೊರೆ ಅಲ್ಲ. ಅದು ಅಂಗಡಿಯವರ ದುಡ್ಡು. ಅಂಗಡಿಯವರು ಅದನ್ನು ಎಲ್ಲಿಂದ ತರುತ್ತಾರೆ? ಸೀರೆಯ ಬೆಲೆಯಲ್ಲೇ ಸೇರಿಸಿರುತ್ತಾರೆ. ಅದೇ ಸೀರೆಯನ್ನು ನಗದು ಕೊಟ್ಟು ಕೊಂಡವರೂ ಅದೇ ಬೆಲೆ ಕೊಡುತ್ತಾರೆ, ಆದರೆ ಅವರಿಗೆ ಪಾಯಿಂಟ್ ಇಲ್ಲ. ಇದು ನಿಜಕ್ಕೂ ಯೋಚಿಸಬೇಕಾದ ಮಾತು. ಕಾರ್ಡ್ ಇಲ್ಲದವರು ಕಾರ್ಡ್ ಇರುವವರ ವಿಮಾನದ ಟಿಕೆಟ್‌ಗೆ ಚೂರು ಚೂರೇ ದುಡ್ಡು ಹಾಕುತ್ತಿದ್ದಾರೆ. ಕೆಲವು ಅಂಗಡಿಗಳಲ್ಲಿ ‘ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ’ ಎನ್ನುವುದು ಈ ಕಾರಣಕ್ಕೇ.

ಎಲ್ಲ ಖರ್ಚಿಗೂ ಬ್ಯಾಂಕಿಗೆ ಸಿಗುವ ಪಾಲು ಒಂದೇ ಅಲ್ಲ. ಬಟ್ಟೆ, ಹೋಟೆಲ್, ಎಲೆಕ್ಟ್ರಾನಿಕ್ಸ್‌ನಲ್ಲಿ ಜಾಸ್ತಿ. ಕರೆಂಟ್ ಬಿಲ್, ಇನ್ಶೂರೆನ್ಸ್, ಪೆಟ್ರೋಲ್, ಸರ್ಕಾರಕ್ಕೆ ಕಟ್ಟುವ ದುಡ್ಡಿನಲ್ಲಿ ಕಡಿಮೆ. ಈಗ ಯಾವುದೇ ಬ್ಯಾಂಕಿನ ಬದಲಾವಣೆ ಪಟ್ಟಿ ತೆಗೆದು ನೋಡಿ. ಮೊದಲು ಕತ್ತರಿ ಬಿದ್ದಿರುವುದು ಬಹುಪಾಲು ಈ ಎರಡನೇ ಗುಂಪಿನ ಮೇಲೆ. ಬರುವುದಕ್ಕಿಂತ ಕೊಡುವುದು ಜಾಸ್ತಿ ಇರುವ ಕಡೆ ಪಾಯಿಂಟ್ ಬಹಳ ದಿನ ಉಳಿಯುವುದಿಲ್ಲ.

ಇನ್ನೊಬ್ಬರು ಕಟ್ಟುವ ಬಡ್ಡಿ

ಪಾಯಿಂಟ್‌ಗೆ ಇನ್ನೊಂದು ಮೂಲವಿದೆ. ಬಿಲ್ ಪೂರ್ತಿ ಕಟ್ಟದವರ ಬಡ್ಡಿ.

ನಮ್ಮಲ್ಲಿ ಹೆಚ್ಚಿನ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75. ಕೇಳಿದರೆ ಕಡಿಮೆ ಅನ್ನಿಸುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 42ರಿಂದ 45. ಬಿಲ್ ₹1 ಲಕ್ಷ ಬಂದಿದೆ, ‘ಮಿನಿಮಮ್ ಡ್ಯೂ’ ಎಂದು ತೋರಿಸಿದ ₹5,000 ಮಾತ್ರ ಕಟ್ಟಿದರು ಎಂದುಕೊಳ್ಳಿ. ಉಳಿದ ₹95,000ಕ್ಕೆ ಶೇ 3.75ರಂತೆ ಒಂದು ತಿಂಗಳ ಬಡ್ಡಿ ₹3,562. ಅದರ ಮೇಲೆ ಜಿಎಸ್‌ಟಿ ₹641. ಒಟ್ಟು ₹4,200ರ ಹತ್ತಿರ. ಅಷ್ಟೇ ಅಲ್ಲ, ಹಳೆಯ ಬಾಕಿ ಉಳಿದಿದ್ದರೆ ಹೊಸದಾಗಿ ಕೊಂಡ ವಸ್ತುವಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ.

ಆ ₹1 ಲಕ್ಷಕ್ಕೆ ಸಿಕ್ಕ ಪಾಯಿಂಟ್‌ನ ಬೆಲೆ, ಶೇ 1ರ ಲೆಕ್ಕದಲ್ಲಿ, ₹1,000. ಒಂದೇ ತಿಂಗಳು ಎಡವಿದರೆ ನಾಲ್ಕು ತಿಂಗಳ ಪಾಯಿಂಟ್ ಕೊಚ್ಚಿಹೋಯಿತು. ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎನ್ನುತ್ತಾರಲ್ಲ, ಈ ಜಾತ್ರೆಯ ಖರ್ಚಿನ ದೊಡ್ಡ ಭಾಗ ಕೊಡುತ್ತಿರುವವರು ಬಾಕಿ ಉಳಿಸಿಕೊಂಡು ಒದ್ದಾಡುವ ಮನೆಗಳು.

ಬಡ್ಡಿಗೆ ಮಿತಿ ಬೇಡವೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿತ್ತು. ವರ್ಷಕ್ಕೆ ಶೇ 30 ದಾಟಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಬಡ್ಡಿಯ ಕಡೆಯಿಂದ ಬ್ಯಾಂಕುಗಳಿಗೆ ಆ ಭಯ ಈಗ ಇಲ್ಲ.

ಲೆಕ್ಕ ತಪ್ಪಿದ ಒಂದು ಕಾರ್ಡ್

ಕೊಡುವುದು ಬರುವುದಕ್ಕಿಂತ ಜಾಸ್ತಿಯಾದರೆ ಏನಾಗುತ್ತದೆ ಎಂಬುದಕ್ಕೆ ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವಾರ್ಷಿಕ ಶುಲ್ಕ ₹10,000. ಪ್ರತಿ ₹200ಕ್ಕೆ 12 ಪಾಯಿಂಟ್. ಜೊತೆಗೆ, ತಿಂಗಳಿಗೆ ₹1 ಲಕ್ಷ ಖರ್ಚು ಮಾಡಿದರೆ ಹೆಚ್ಚುವರಿಯಾಗಿ 25,000 ಪಾಯಿಂಟ್. ಐದು ಪಾಯಿಂಟ್ ಕೊಟ್ಟರೆ ವಿಮಾನ ಕಂಪನಿಯ ನಾಲ್ಕು ಮೈಲ್, ಅಂದರೆ ಟಿಕೆಟ್ ತೆಗೆಯಲು ಬಳಸಬಹುದಾದ ಆ ಕಂಪನಿಯ ಪಾಯಿಂಟ್.

ಲೆಕ್ಕ ಹಾಕಿ. ₹1 ಲಕ್ಷಕ್ಕೆ 6,000 ಪಾಯಿಂಟ್. ಅದರ ಜೊತೆ 25,000. ಒಟ್ಟು 31,000. ಮೈಲ್‌ಗೆ ಬದಲಿಸಿದರೆ 24,800. ಆ ₹1 ಲಕ್ಷದಿಂದ ಬ್ಯಾಂಕಿಗೆ ಇಂಟರ್‌ಚೇಂಜ್ ಅಂತ ಬಂದಿರಬಹುದಾದದ್ದು ಎಷ್ಟೇ ಧಾರಾಳವಾಗಿ ಹಿಡಿದರೂ ₹2,000ದ ಒಳಗೆ. ಒಂದು ಮೈಲ್‌ಗೆ ಬ್ಯಾಂಕ್ ಬರೀ 50 ಪೈಸೆ ಕೊಟ್ಟಿತು ಎಂದುಕೊಂಡರೂ ಕೈಯಿಂದ ಹೋಗುವುದು ₹12,400. ಇದು ಎಷ್ಟು ದಿನ ನಡೆಯಲು ಸಾಧ್ಯ?

ಪಾಯಿಂಟ್ ಬೆನ್ನು ಹತ್ತಿದವರ ವಲಯದಲ್ಲಿ ಈ ಕಾರ್ಡ್ ಮನೆಮಾತಾಯಿತು. ಪ್ರತಿ ತಿಂಗಳೂ ಸರಿಯಾಗಿ ₹1 ಲಕ್ಷ ಮುಟ್ಟಿಸಿ ನಿಲ್ಲಿಸುವವರು ಸೇರಿಕೊಂಡರು. 2023ರ ಸೆಪ್ಟೆಂಬರ್ 1ರಿಂದ ಆ 25,000 ಪಾಯಿಂಟ್ ನಿಂತುಹೋಯಿತು. ಐದಕ್ಕೆ ನಾಲ್ಕು ಮೈಲ್ ಇದ್ದದ್ದು ಐದಕ್ಕೆ ಎರಡಾಯಿತು. ಶುಲ್ಕ ₹12,500ಕ್ಕೆ ಏರಿತು. ಅದೇ ₹1 ಲಕ್ಷದ ಖರ್ಚಿಗೆ ಹಿಂದಿನ ತಿಂಗಳು 24,800 ಮೈಲ್ ಸಿಕ್ಕಿದ್ದವರಿಗೆ ಈಗ ಸಿಗುವುದು 2,400.

ಇಲ್ಲಿ ಹೊಸ ಪಾಯಿಂಟ್ ನಿಲ್ಲಿಸಿದ್ದು ಒಂದು ವಿಷಯ, ಮೈಲ್‌ನ ದರ ಅರ್ಧಕ್ಕೆ ಇಳಿಸಿದ್ದು ಬೇರೆಯೇ ವಿಷಯ. ಮೊದಲನೆಯದು ಮುಂದಿನ ಖರ್ಚಿಗೆ ಸಂಬಂಧಿಸಿದ್ದು. ಎರಡನೆಯದು ಆಗಲೇ ಕೂಡಿಟ್ಟಿದ್ದ ಗಂಟಿಗೂ ತಟ್ಟುವಂಥದ್ದು. ಪಾಯಿಂಟ್ ಎಂಬ ನಾಣ್ಯವನ್ನು ಅಚ್ಚು ಹಾಕುವುದೂ ಬ್ಯಾಂಕೇ, ಅದರ ಬೆಲೆ ಇಳಿಸುವುದೂ ಬ್ಯಾಂಕೇ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ₹5 ಲಕ್ಷದವರೆಗೆ ವಿಮೆ ಇದೆ. ಪಾಯಿಂಟ್‌ಗೆ ಅಂಥದ್ದೇನೂ ಇಲ್ಲ.

ಬಾಡಿಗೆ, ವಾಲೆಟ್, ಕ್ಯೂಆರ್: ದುಡ್ಡು ಸುತ್ತಿಸುವ ದಾರಿ

ತಿಂಗಳಿಗೆ ₹1 ಲಕ್ಷ ನಿಜವಾಗಿ ಖರ್ಚು ಮಾಡುವವರು ಎಷ್ಟು ಮಂದಿ? ಹಾಗಾಗಿ ಖರ್ಚೇ ಇಲ್ಲದೆ ಖರ್ಚು ತೋರಿಸುವ ದಾರಿಗಳು ಹುಟ್ಟಿಕೊಂಡವು.

ಮೊದಲ ದಾರಿ ಬಾಡಿಗೆ. ಆ್ಯಪ್‌ನಲ್ಲಿ ‘ಮನೆ ಬಾಡಿಗೆ’ ಎಂದು ಆರಿಸಿ, ಮನೆ ಮಾಲೀಕರ ಜಾಗದಲ್ಲಿ ಅಣ್ಣನದ್ದೋ ಹೆಂಡತಿಯದ್ದೋ ಖಾತೆ ಕೊಡುವುದು. ಕಾರ್ಡಿನಿಂದ ₹50,000 ಹೋಗುತ್ತದೆ, ಎರಡು ದಿನದಲ್ಲಿ ಮನೆಗೇ ವಾಪಸ್ ಬರುತ್ತದೆ, ಅದರಿಂದಲೇ ಬಿಲ್ ಕಟ್ಟುವುದು. ನಿಜವಾಗಿ ಬಾಡಿಗೆ ಕಟ್ಟುವವರಿಗೂ ಇದು ಅನುಕೂಲವಾಗಿತ್ತು, ಬೆಂಗಳೂರಿನಂಥ ಊರಿನಲ್ಲಿ ಅಂಥವರ ಸಂಖ್ಯೆ ದೊಡ್ಡದು. ಆದರೆ ಯಾರದ್ದು ನಿಜ, ಯಾರದ್ದು ಸುಳ್ಳು ಎಂದು ಬ್ಯಾಂಕಿಗೆ ತಿಳಿಯುವುದು ಹೇಗೆ? ಐಸಿಐಸಿಐ ಬ್ಯಾಂಕ್ 2022ರ ಅಕ್ಟೋಬರ್‌ನಲ್ಲೇ ಬಾಡಿಗೆಗೆ ಶೇ 1ರ ಶುಲ್ಕ ಹಾಕಿತು. ಉಳಿದವರೂ ಅದೇ ಹಾದಿ ಹಿಡಿದರು. 2025ರ ಸೆಪ್ಟೆಂಬರ್ 15ರಂದು ರಿಸರ್ವ್ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್‌ಗಳಿಗೆ, ಅಂದರೆ ಗ್ರಾಹಕರಿಂದ ದುಡ್ಡು ಪಡೆದು ವ್ಯಾಪಾರಿಗೆ ದಾಟಿಸುವ ಕಂಪನಿಗಳಿಗೆ, ಹೊಸ ನಿಯಮ ತಂದಿತು. ಆ ಕಂಪನಿ ತಾನೇ ಪರಿಶೀಲಿಸಿ, ಒಪ್ಪಂದ ಮಾಡಿಕೊಂಡ ವ್ಯಾಪಾರಿಗೆ ಮಾತ್ರ ದುಡ್ಡು ದಾಟಿಸಬೇಕು ಎಂಬುದು ಅದರ ಸಾರ. ಮನೆ ಮಾಲೀಕರು ವ್ಯಾಪಾರಿಗಳಾಗಿ ನೋಂದಾಯಿಸಿಕೊಂಡಿರುವುದಿಲ್ಲ ಅಲ್ವಾ? ಫೋನ್‌ಪೇ, ಪೇಟಿಎಂನಂಥ ಆ್ಯಪ್‌ಗಳು ಕ್ರೆಡಿಟ್ ಕಾರ್ಡ್ ಬಾಡಿಗೆ ಸೇವೆಯನ್ನೇ ನಿಲ್ಲಿಸಿದವು.

ಎರಡನೆಯದು ವಾಲೆಟ್. ಕಾರ್ಡಿನಿಂದ ವಾಲೆಟ್‌ಗೆ, ವಾಲೆಟ್‌ನಿಂದ ಖಾತೆಗೆ, ಖಾತೆಯಿಂದ ಬಿಲ್‌ಗೆ. ಲೇಖನದ ಮೊದಲಲ್ಲಿ ಹೇಳಿದ ವಾಲೆಟ್ ಶುಲ್ಕಗಳು ಬಂದದ್ದು ಈ ದಾರಿ ಮುಚ್ಚಲು.

ಮೂರನೆಯದು ಯುಪಿಐ. 2022ರಿಂದ ರುಪೇ ಕ್ರೆಡಿಟ್ ಕಾರ್ಡ್ ಅನ್ನು ಯುಪಿಐಗೆ ಜೋಡಿಸಬಹುದು. ಸೊಪ್ಪಿನ ಅಂಗಡಿಯಲ್ಲೂ ಕ್ರೆಡಿಟ್ ಕಾರ್ಡ್ ನಡೆಯುವಂತಾಯಿತು. ಅದು ಒಳ್ಳೆಯ ಬದಲಾವಣೆಯೇ. ಆದರೆ ಸಣ್ಣ ವ್ಯಾಪಾರಿಗಳಿಗೆ ₹2,000ದವರೆಗಿನ ಪಾವತಿಗೆ ಎಂಡಿಆರ್ ಇಲ್ಲ. ಬ್ಯಾಂಕಿಗೆ ಅಲ್ಲಿ ಏನೂ ಬರುವುದಿಲ್ಲ, ಪಾಯಿಂಟ್ ಕೊಟ್ಟರೆ ಕೈಯಿಂದಲೇ ಕೊಡಬೇಕು. ಯುಪಿಐ ಖರ್ಚಿಗೆ ಪಾಯಿಂಟ್ ಕಡಿಮೆ ಇರುವುದು, ಮಿತಿ ಇರುವುದು ಇದರಿಂದ.

ಇದರ ಜೊತೆಗೆ ಪರಿಚಯದ ಅಂಗಡಿಯವರ ಕ್ಯೂಆರ್‌ಗೆ ದುಡ್ಡು ಹಾಕಿ, ನಗದು ವಾಪಸ್ ಪಡೆಯುವ ಅಭ್ಯಾಸವೂ ಇದೆ. ಇದನ್ನು ಮಾಡುವವರು ಅಂಗಡಿಯವರ ಬಗ್ಗೆ ಒಂದು ಕ್ಷಣ ಯೋಚಿಸಬೇಕು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನೆನಪಿರಬಹುದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೂ ನೋಟಿಸ್ ಬಂದು, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡ್ ಎದ್ದಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ ₹40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಯಾರದ್ದೋ ಪಾಯಿಂಟ್‌ಗಾಗಿ ತಿಂಗಳಿಗೆ ₹50,000 ಸುಮ್ನೆ ಅವರ ಕ್ಯೂಆರ್‌ನಲ್ಲಿ ಸುತ್ತಿದರೆ, ವರ್ಷಕ್ಕೆ ಮಾರದೇ ಇದ್ದ ₹6 ಲಕ್ಷದ ಮಾಲು ಅವರ ಲೆಕ್ಕಕ್ಕೆ ಸೇರುತ್ತದೆ. ಪಾಯಿಂಟ್ ಒಬ್ಬರಿಗೆ, ನೋಟಿಸ್ ಇನ್ನೊಬ್ಬರಿಗೆ.

ಕಾರ್ಡ್ ಇರುವವರೂ ಕಣ್ಣಿಗೆ ಬೀಳದೆ ಉಳಿಯುವುದಿಲ್ಲ. ಒಂದು ವರ್ಷದಲ್ಲಿ ಕಾರ್ಡ್ ಬಿಲ್‌ಗೆ ಕಟ್ಟಿದ್ದು ₹10 ಲಕ್ಷ ಮುಟ್ಟಿದರೆ ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಲೇಬೇಕು. ವರ್ಷಕ್ಕೆ ₹8 ಲಕ್ಷ ಸಂಬಳ ತೋರಿಸಿದವರ ಕಾರ್ಡ್ ಬಿಲ್ ₹15 ಲಕ್ಷ ಇದ್ದರೆ ಪ್ರಶ್ನೆ ಬರುವುದು ಸಹಜ.

ರಿಸರ್ವ್ ಬ್ಯಾಂಕ್ ಒತ್ತಿದ ಗುಂಡಿ

2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್ ಇನ್ನೊಂದು ಆದೇಶ ಹೊರಡಿಸಿತು. ಜನಸಾಮಾನ್ಯರಿಗೆ ಅದು ಸುದ್ದಿ ಅನ್ನಿಸಲೇ ಇಲ್ಲ. ಆದರೆ ಕಾರ್ಡ್ ವ್ಯವಹಾರದ ಒಳಗೆ ಅದರ ಪರಿಣಾಮ ದೊಡ್ಡದು.

ಬ್ಯಾಂಕ್ ₹100 ಸಾಲ ಕೊಟ್ಟರೆ, ಅದು ಮುಳುಗಿದರೆ ತಡೆದುಕೊಳ್ಳಲು ಸ್ವಂತ ಬಂಡವಾಳ ಒಂದಷ್ಟು ಇಟ್ಟಿರಬೇಕು. ಕನಿಷ್ಠ ಶೇ 9. ಅಪಾಯ ಜಾಸ್ತಿ ಇರುವ ಸಾಲವನ್ನು ₹100ಕ್ಕಿಂತ ದೊಡ್ಡದು ಎಂದೇ ಲೆಕ್ಕ ಹಿಡಿಯಬೇಕು. ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿ ₹100 ಇದ್ದರೆ ಅಲ್ಲಿಯವರೆಗೆ ₹125 ಎಂದು ಹಿಡಿಯುತ್ತಿದ್ದರು. ಆ ಆದೇಶದ ನಂತರ ₹150. ಅಂದರೆ ಇಡಬೇಕಾದ ಬಂಡವಾಳ ₹11.25ರಿಂದ ₹13.50ಕ್ಕೆ ಏರಿತು. ಅಡಮಾನವಿಲ್ಲದ ಸಾಲ ಅತಿಯಾಗಿ ಬೆಳೆಯುತ್ತಿದೆ ಎಂಬ ಚಿಂತೆ ಇದರ ಹಿಂದೆ ಇತ್ತು. ದೇಶದಲ್ಲಿ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 10 ಕೋಟಿ ದಾಟಿದ್ದೂ ಅದೇ ಹೊತ್ತಿಗೆ, 2024ರ ಆರಂಭದಲ್ಲಿ.

ಬಂಡವಾಳ ದುಬಾರಿಯಾದ ಮೇಲೆ ಬ್ಯಾಂಕ್ ಪ್ರತಿ ಕಾರ್ಡಿನ ಲಾಭ–ನಷ್ಟ ಬಿಡಿಬಿಡಿಯಾಗಿ ನೋಡಲು ಶುರು ಮಾಡುತ್ತದೆ. ಬಿಲ್ ಪೂರ್ತಿ ಕಟ್ಟಿ, ಬಡ್ಡಿಯನ್ನೇ ಕೊಡದೆ, ಪಾಯಿಂಟ್ ಮಾತ್ರ ಹಿಂಡುವ ಗ್ರಾಹಕರು ಆಗ ಎದ್ದು ಕಾಣುತ್ತಾರೆ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ಇಲ್ಲದ ಕಾರಣ ಆ ಕಡೆಯಿಂದ ನಷ್ಟ ತುಂಬಿಕೊಳ್ಳುವ ದಾರಿಯೂ ಇಲ್ಲ.

ಗಿಫ್ಟ್ ವೋಚರ್ ಲಾಭದಲ್ಲಿ ಯಾರು?

ಪಾಯಿಂಟ್ ಲೆಕ್ಕದಲ್ಲಿ ಪಳಗಿದವರು ಅಂಗಡಿಯಲ್ಲಿ ನೇರವಾಗಿ ಕಾರ್ಡ್ ಉಜ್ಜುವುದು ಕಡಿಮೆ. ಮೊದಲು ಬ್ಯಾಂಕಿನ ಸ್ವಂತ ಪೋರ್ಟಲ್‌ನಲ್ಲಿ ಅದೇ ಅಂಗಡಿಯ ಗಿಫ್ಟ್ ವೋಚರ್ ಕೊಳ್ಳುತ್ತಾರೆ. ಎಚ್‌ಡಿಎಫ್‌ಸಿಯ ಇನ್ಫಿನಿಯಾ ಕಾರ್ಡ್ ಸಾಮಾನ್ಯ ಖರ್ಚಿಗೆ ಪ್ರತಿ ₹150ಕ್ಕೆ 5 ಪಾಯಿಂಟ್ ಕೊಡುತ್ತದೆ. ಸ್ಮಾರ್ಟ್‌ಬೈ ಪೋರ್ಟಲ್ ಮೂಲಕ ಕೊಂಡರೆ ಅದರ ಹಲವು ಪಟ್ಟು, ತಿಂಗಳ ಮಿತಿಯೊಳಗೆ.

ಇದು ಹೇಗೆ ಸಾಧ್ಯ? ವೋಚರ್ ಅನ್ನು ಕಂಪನಿಗಳು ಸಗಟಾಗಿ ರಿಯಾಯಿತಿಯಲ್ಲಿ ಮಾರುತ್ತವೆ. ದುಡ್ಡು ಮುಂಚೆಯೇ ಕೈಗೆ ಬರುತ್ತದೆ, ಮಾಲು ಆಮೇಲೆ ಹೋಗುತ್ತದೆ. ಕೆಲವು ವೋಚರ್ ಬಳಕೆಯೇ ಆಗದೆ ಅವಧಿ ಮುಗಿಯುತ್ತದೆ. ₹1,000ದ ವೋಚರ್‌ನಲ್ಲಿ ₹940 ಬಳಸಿ ₹60 ಮರೆತುಬಿಡುವವರೂ ಇದ್ದಾರೆ. ಆ ಉಳಿಕೆಯೂ ಕಂಪನಿಗೇ.

ಇಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಬ್ಯಾಂಕ್ ಕೊಡುವ, ಎಲ್ಲ ಕಡೆ ನಡೆಯುವ ಗಿಫ್ಟ್ ಕಾರ್ಡ್ ರಿಸರ್ವ್ ಬ್ಯಾಂಕಿನ ನಿಯಮದೊಳಗೆ ಬರುತ್ತದೆ. ಅದರ ಮಿತಿ ₹10,000, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು. ಆದರೆ ಒಂದು ಕಂಪನಿ ತನ್ನ ಮಾಲಿಗೆ ಮಾತ್ರ ಕೊಡುವ ವೋಚರ್‌ಗೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ಆ ಕಂಪನಿ ಬಾಗಿಲು ಹಾಕಿದರೆ ಕೈಯಲ್ಲಿರುವುದು ಬರೀ ಹದಿನಾರು ಅಂಕಿಯ ಒಂದು ನಂಬರ್. ಹಬ್ಬದ ಆಫರ್ ಎಂದು ಎರಡು ವರ್ಷಕ್ಕಾಗುವಷ್ಟು ವೋಚರ್ ಪೇರಿಸಿಡುವುದು ಒಳ್ಳೆಯದಲ್ಲ ಎನ್ನುವುದು ಇದಕ್ಕೇ. ಈ ತಿಂಗಳ ದಿನಸಿಗೆ ಬೇಕಾದ ವೋಚರ್ ಈ ತಿಂಗಳು ಕೊಂಡರೆ ಲಾಭ ನಿಜ.

ಮೈಲ್‌ಗಳ ಕಥೆಯೂ ಹೀಗೆಯೇ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ, ಆ ವಿಮಾನಗಳಿಗೆಂದೇ ವರ್ಷಗಟ್ಟಲೆ ಮೈಲ್ ಕೂಡಿಟ್ಟವರಿಗೆ ಅದೇ ವಿಮಾನ ಇಲ್ಲವಾಯಿತು. 2024ರ ನವೆಂಬರ್‌ನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಪಾಯಿಂಟ್‌ಗಳು ಏರ್ ಇಂಡಿಯಾದ ಪಾಯಿಂಟ್ ಯೋಜನೆಗೆ ದಾಟಿಕೊಂಡವು. ಆದರೆ ವಿಸ್ತಾರಾ ಟಿಕೆಟ್‌ಗಾಗಿ ಮಾಡಿಸಿಕೊಂಡ ಕಾರ್ಡ್‌ಗಳಿಗೆ ಮೊದಲಿನ ಅರ್ಥ ಉಳಿಯಲಿಲ್ಲ.

ಎರಡೂ ಕಡೆಯ ವಾದ

ಬ್ಯಾಂಕುಗಳು ಹೇಳುವುದು ಇಷ್ಟು: ದುರುಪಯೋಗ ಮಾಡುವ ಕೆಲವರಿಂದ ಎಲ್ಲರ ಲಾಭಕ್ಕೂ ಕತ್ತರಿ ಬೀಳುತ್ತಿದೆ, ದಾರಿ ಮುಚ್ಚದಿದ್ದರೆ ಕಾರ್ಡ್ ನಡೆಸುವುದೇ ಆಗುವುದಿಲ್ಲ. ಮೇಲಿನ ಲೆಕ್ಕ ನೋಡಿದರೆ ಈ ಮಾತಿನಲ್ಲಿ ಹುರುಳಿದೆ.

ಗ್ರಾಹಕರ ದೂರಿನಲ್ಲೂ ನ್ಯಾಯವಿದೆ. ವರ್ಷದ ಶುಲ್ಕವನ್ನು ಮುಂಗಡವಾಗಿ ತೆಗೆದುಕೊಂಡು, ನಡುವೆಯೇ ಕೊಟ್ಟ ಮಾತು ಬದಲಿಸುವುದು ಸರಿಯಲ್ಲ. ನಿಯಮಾವಳಿಯ ಕೊನೆಯಲ್ಲಿ ‘ಬದಲಾಯಿಸುವ ಹಕ್ಕು ಬ್ಯಾಂಕಿಗಿದೆ’ ಎಂಬ ಸಾಲು ಇರುತ್ತದೆ, ನಿಜ. ಆದರೆ ಕಾರ್ಡ್ ಮಾರುವಾಗ ಫೋನಿನಲ್ಲಿ ಮಾತಾಡುವವರು ಆ ಸಾಲನ್ನು ಓದಿ ಹೇಳುವುದಿಲ್ಲವಲ್ಲ. ಶುಲ್ಕ ಕಟ್ಟಿದ ವರ್ಷ ಮುಗಿಯುವವರೆಗಾದರೂ ಹಳೆಯ ಪಾಯಿಂಟ್‌ಗೆ ಹಳೆಯ ದರವೇ ಇರಬೇಕು ಎಂದು ಕೇಳುವುದು ಅತಿಯಾಸೆ ಅಲ್ಲ.

ಬೇರೆ ದೇಶಗಳು ಬುಡಕ್ಕೇ ಕೈ ಹಾಕಿದ್ದೂ ಇದೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡ್‌ಗಳ ಇಂಟರ್‌ಚೇಂಜ್‌ಗೆ ಶೇ 0.3ರ ಮಿತಿ ಹಾಕಿತು. ಆಸ್ಟ್ರೇಲಿಯಾ 2003ರಲ್ಲೇ ಇಳಿಸಿತ್ತು. ಅಲ್ಲಿ ಪಾಯಿಂಟ್‌ಗಳೂ ಬಡವಾದವು. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ, ಹಾಗಾಗಿ ಅಲ್ಲಿರುವ ನಮ್ಮವರು ಒಂದು ಹೊಸ ಕಾರ್ಡಿನ ಬೋನಸ್‌ನಲ್ಲೇ ಊರಿಗೆ ಟಿಕೆಟ್ ತೆಗೆಯುವುದುಂಟು. ನಮ್ಮಲ್ಲಿ ಕ್ರೆಡಿಟ್ ಕಾರ್ಡ್ ಎಂಡಿಆರ್‌ಗೆ ಮಿತಿ ಹಾಕಿದರೆ ಅಂಗಡಿಯವರಿಗೆ ಅನುಕೂಲ, ಪಾಯಿಂಟ್ ನಂಬಿದವರಿಗೆ ಹೊಡೆತ. ಎರಡನ್ನೂ ಒಟ್ಟಿಗೆ ಉಳಿಸುವ ದಾರಿ ಇಲ್ಲ.

ಕೈಯಲ್ಲಿರುವ ಪಾಯಿಂಟ್ ಏನು ಮಾಡುವುದು?

ಈಗಿನ ಗತಿ ನೋಡಿದರೆ ಪಾಯಿಂಟ್‌ಗಳು ಪೂರ್ತಿ ಹೋಗುವುದಿಲ್ಲ. ಜಾಗ ಬದಲಿಸುತ್ತವೆ. ಬ್ಯಾಂಕಿನ ಸ್ವಂತ ಪೋರ್ಟಲ್‌ಗಳಿಗೆ, ಒಂದು ಕಂಪನಿಯ ಹೆಸರು ಹೊತ್ತ ಕಾರ್ಡ್‌ಗಳಿಗೆ, ಜಾಸ್ತಿ ಖರ್ಚು ಮಾಡುವವರ ಮೇಲಿನ ದರ್ಜೆಗೆ.

ಹಾಗಾಗಿ ‘ಎಷ್ಟು ಪಾಯಿಂಟ್ ಇದೆ’ ಎಂಬುದಕ್ಕಿಂತ ‘ಒಂದು ಪಾಯಿಂಟ್‌ಗೆ ಎಷ್ಟು ಪೈಸೆ’ ಎಂಬ ಪ್ರಶ್ನೆ ಮುಖ್ಯ. ಇನ್ಫಿನಿಯಾದ ಒಂದೇ ಪಾಯಿಂಟ್ ಅನ್ನು ವಿಮಾನ ಅಥವಾ ಹೋಟೆಲ್‌ಗೆ ಬಳಸಿದರೆ ₹1. ಸಾಮಾನ್ಯ ವೋಚರ್, ವಸ್ತುಗಳಿಗೆ 50 ಪೈಸೆಯವರೆಗೆ. ಬಿಲ್‌ನಲ್ಲೇ ಕಳೆದುಕೊಳ್ಳಿ ಎಂದರೆ 30 ಪೈಸೆ. 10,000 ಪಾಯಿಂಟ್ ಇದ್ದವರು ಅವಸರಕ್ಕೆ ಬಿಲ್‌ನಲ್ಲಿ ಕಳೆದರೆ ₹7,000 ಬಿಟ್ಟುಕೊಟ್ಟಂತೆ. ಬಿಡಿಸಿಕೊಳ್ಳಲೂ ಖರ್ಚಿದೆ. ಆಕ್ಸಿಸ್ ಬ್ಯಾಂಕ್ 2024ರ ಡಿಸೆಂಬರ್‌ನಿಂದ ಪಾಯಿಂಟ್ ಅನ್ನು ನಗದಾಗಿಸಲು ₹99, ಮೈಲ್ ಆಗಿಸಲು ₹199 ಶುಲ್ಕ ತಂದಿತು. ಸಣ್ಣ ಸಣ್ಣದಾಗಿ ತೆಗೆದರೆ ಶುಲ್ಕವೇ ನುಂಗುತ್ತದೆ, ಬಹಳ ದಿನ ಇಟ್ಟರೆ ದರ ಇಳಿಯುತ್ತದೆ. ವರ್ಷಕ್ಕೆ ಒಂದೆರಡು ಸಲ, ಗೊತ್ತಿರುವ ಒಂದು ಪ್ರಯಾಣಕ್ಕೆ ಎಂದು ತೆಗೆಯುವವರಿಗೆ ಇವೆರಡರಿಂದಲೂ ಹೆಚ್ಚು ನಷ್ಟವಿಲ್ಲ.

ನಿಯಮ ಬದಲಾವಣೆಯ ಮೆಸೇಜ್ ಬಂದಾಗ ಗ್ರಾಹಕರ ಕೈ ಪೂರ್ತಿ ಕಟ್ಟಿಲ್ಲ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಶುಲ್ಕ ಬದಲಿಸುವ ಮುಂಚೆ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ಹೊಸ ಶುಲ್ಕ ಒಪ್ಪಿಗೆಯಾಗದಿದ್ದರೆ ಬಾಕಿ ತೀರಿಸಿ, ಬೇರೆ ಯಾವ ದಂಡವೂ ಇಲ್ಲದೆ ಕಾರ್ಡ್ ಹಿಂತಿರುಗಿಸಬಹುದು. ಮುಚ್ಚಲು ಕೇಳಿದ 7 ಕೆಲಸದ ದಿನಗಳಲ್ಲಿ ಬ್ಯಾಂಕ್ ಮುಚ್ಚಬೇಕು, ತಡವಾದರೆ ದಿನಕ್ಕೆ ₹500ರಂತೆ ಗ್ರಾಹಕರಿಗೆ ಕೊಡಬೇಕು. ಆ ಅರ್ಜಿ ಹಾಕುವ ಮೊದಲು ಪಾಯಿಂಟ್‌ಗಳನ್ನು ಖಾಲಿ ಮಾಡಿಕೊಳ್ಳಿ. ಸಾಮಾನ್ಯವಾಗಿ ಕಾರ್ಡ್ ಮುಚ್ಚಿದರೆ ಅದರಲ್ಲಿ ಉಳಿದ ಪಾಯಿಂಟ್‌ಗಳೂ ಹೋಗುತ್ತವೆ.